ಕ್ಯಾಲ್ಸಿಯಂ ಲೆಕ್ಕ ತಪ್ಪಿದಾಗ

“ಅಣ್ಣಾರ, ನಮ್ಮವ್ವಗ ರಾತ್ರಿ ಕಾಲು ಭಾಳ ಹಿಡೀತಾವು. ಕ್ಯಾಲ್ಸಿಯಂ ಗುಳಿಗಿ ಒಂದ್ ಪಟ್ಟಿ ಕೊಡ್ರಿ.”

ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ, ಧಾರವಾಡದ ಸುಭಾಷ್ ರಸ್ತೆಯಲ್ಲಾಗಲಿ, ಔಷಧ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ಪಟ್ಟಿ ಕೊಡುತ್ತಾರೆ, ಕೆಲವೊಮ್ಮೆ ಜೊತೆಗೆ ವಿಟಮಿನ್ ಡಿ ಪುಡಿಯ ಪೊಟ್ಟಣವನ್ನೂ ಕೊಡುತ್ತಾರೆ. ಎಷ್ಟು ದಿನ, ಯಾವ ಹೊತ್ತಿಗೆ, ಬೇರೆ ಯಾವ ಗುಳಿಗೆಯ ಜೊತೆ ಕೂಡದು ಎಂಬುದನ್ನು ಇವರು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಮನೆಗೆ ಹೋದ ಗುಳಿಗೆ ಅವ್ವನ ಥೈರಾಯ್ಡ್ ಗುಳಿಗೆಯ ಜೊತೆ ಬರಿಹೊಟ್ಟೆಯಲ್ಲಿ ಇಳಿಯುತ್ತದೆ. ಎರಡೂ ಸರಿಯಾಗಿ ಕೆಲಸ ಮಾಡುವುದಿಲ್ಲ. ತಿಂಗಳು ಕಳೆದರೂ ಕಾಲು ಹಿಡಿಯುವುದು ನಿಲ್ಲುವುದಿಲ್ಲ.

ಕಾಲು ಹಿಡಿಯುವುದಕ್ಕೆಲ್ಲ ಕ್ಯಾಲ್ಸಿಯಂ ಕಾರಣವಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿದ್ದರೂ ಅದಕ್ಕೆ ಹತ್ತು ಬೇರೆ ಬೇರೆ ಕಾರಣಗಳಿರಬಹುದು. ಇನ್ನು ಕೆಲವರಲ್ಲಿ ಕ್ಯಾಲ್ಸಿಯಂ ಏರಿ ತೊಂದರೆ ಕೊಡುತ್ತಿರುತ್ತದೆ. ಅಂಥವರಿಗೆ ಅದೇ ಗುಳಿಗೆ ವಿಷವಾಗುತ್ತದೆ. ಆದ್ದರಿಂದ ಲೆಕ್ಕ ಎಲ್ಲಿ ತಪ್ಪಿದೆ ಎಂದು ಮೊದಲು ಹುಡುಕಿ, ಗುಳಿಗೆ ಆಮೇಲೆ. ಈ ಲೇಖನ ಆ ಹುಡುಕಾಟಕ್ಕೆ ನೆರವಾಗಲಿ ಎಂದು ಬರೆದದ್ದು.

ಮೈ ಈ ಲೆಕ್ಕವನ್ನು ಹೇಗೆ ಇಡುತ್ತದೆ

ದೊಡ್ಡವರ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ 99 ಪಾಲು ಎಲುಬು ಮತ್ತು ಹಲ್ಲುಗಳಲ್ಲಿ. ಉಳಿದ ಒಂದು ಪಾಲು ರಕ್ತದಲ್ಲೂ ಮೆದು ಅಂಗಗಳಲ್ಲೂ ಇದ್ದು, ಹೃದಯ ಬಡಿಯುವುದು, ಸ್ನಾಯು ಬಿಗಿದು ಸಡಿಲಾಗುವುದು, ನರ ಸುದ್ದಿ ಒಯ್ಯುವುದು, ರಕ್ತ ಹೆಪ್ಪುಗಟ್ಟುವುದು ಎಲ್ಲ ಅದರಿಂದಲೇ ನಡೆಯುತ್ತದೆ. ಹೀಗಾಗಿ ಮೈ ರಕ್ತದ ಕ್ಯಾಲ್ಸಿಯಂ ಅನ್ನು ಬಹಳ ಇಕ್ಕಟ್ಟಾದ ಮಿತಿಯಲ್ಲಿ ಕಾಯುತ್ತದೆ: ಒಂದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿ.ಗ್ರಾಂ.

ಕಾಯುವ ಕೆಲಸ ಕುತ್ತಿಗೆಯಲ್ಲಿ, ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಿರುವ ಅಕ್ಕಿಕಾಳಿನಷ್ಟು ಚಿಕ್ಕ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳದು. ಇವನ್ನು ಮೊದಲು ಗುರುತಿಸಿದ್ದು ನಮ್ಮ ದೇಶದ ಒಂದು ಪ್ರಾಣಿಯಲ್ಲಿ. ಲಂಡನ್ನಿನ ಮೃಗಾಲಯದಲ್ಲಿದ್ದ ಭಾರತದ ಘೇಂಡಾಮೃಗವೊಂದು 1849ರಲ್ಲಿ ಸತ್ತಾಗ ಅಂಗರಚನಾ ತಜ್ಞ ರಿಚರ್ಡ್ ಓವನ್ ಅದನ್ನು ಕೊಯ್ದು ನೋಡುವಾಗ ಇವನ್ನು ಕಂಡ. ಮನುಷ್ಯರಲ್ಲಿ 1880ರಲ್ಲಿ ಸ್ವೀಡನ್ನಿನ ಸ್ಯಾಂಡ್‌ಸ್ಟ್ರೋಮ್ ವಿವರಿಸಿದ.

ರಕ್ತದಲ್ಲಿ ಕ್ಯಾಲ್ಸಿಯಂ ತುಸು ಇಳಿದರೂ ಈ ಗ್ರಂಥಿಗಳು ಪಿಟಿಎಚ್ ಎಂಬ ಹಾರ್ಮೋನು ಬಿಡುತ್ತವೆ. ಅದು ಎಲುಬಿನಿಂದ ಕ್ಯಾಲ್ಸಿಯಂ ಎಳೆಯುತ್ತದೆ, ಮೂತ್ರದಲ್ಲಿ ಹೋಗುವುದನ್ನು ಕಿಡ್ನಿಯಲ್ಲಿ ತಡೆಯುತ್ತದೆ, ವಿಟಮಿನ್ ಡಿಯನ್ನು ಕೆಲಸಕ್ಕೆ ಎಬ್ಬಿಸಿ ಕರುಳಿಗೆ ಊಟದಿಂದ ಹೆಚ್ಚು ಹೀರುವಂತೆ ಮಾಡುತ್ತದೆ. ಎಲುಬನ್ನು ಹಗೇವು ಎಂದುಕೊಳ್ಳಿ. ಹೊಲದಿಂದ ಜೋಳ ಬರದಿದ್ದರೂ ಹಗೇವಿನಿಂದ ತೆಗೆದು ಬೀಸಿದರೆ ಅಡುಗೆಮನೆಯಲ್ಲಿ ಹಿಟ್ಟಿಗೆ ಕೊರತೆ ಕಾಣುವುದಿಲ್ಲ, ಕೆಳಗೆ ಹಗೇವು ಖಾಲಿಯಾಗುತ್ತ ಹೋಗುತ್ತದೆ. “ರಕ್ತದಲ್ಲಿ ಕ್ಯಾಲ್ಸಿಯಂ ಸರಿ ಐತಿ” ಎಂಬ ವರದಿ ಬಂದವರ ಎಲುಬೂ ಟೊಳ್ಳಾಗಿರಬಹುದು ಎನ್ನುವುದು ಇದೇ ಕಾರಣಕ್ಕೆ. ಎಲುಬಿನ ಸಾಂದ್ರತೆ ತಿಳಿಯಲು ಡೆಕ್ಸಾ ಎಂಬ ಬೇರೆ ಸ್ಕ್ಯಾನ್ ಇದೆ.

ಕಡಿಮೆಯಾದರೆ ಹೇಗೆ ಗೊತ್ತಾಗುತ್ತದೆ

ಮೊದಲು ತುಟಿಯ ಸುತ್ತ, ಬೆರಳ ತುದಿಯಲ್ಲಿ, ಅಂಗಾಲಿನಲ್ಲಿ ಜುಮ್ಮೆನ್ನುತ್ತದೆ. ಆಮೇಲೆ ಮೀನಖಂಡ ಹಿಡಿಯುತ್ತದೆ. ಇನ್ನೂ ಇಳಿದರೆ ಕೈ ತನ್ನಷ್ಟಕ್ಕೆ ತಿರುಚುತ್ತದೆ: ಮಣಿಕಟ್ಟು ಬಾಗಿ, ಹೆಬ್ಬೆರಳು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳು ನೆಟ್ಟಗೆ ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಕಟ್ಟಿ ಗಾಳಿ ಏರಿಸಿ ಮೂರು ನಿಮಿಷ ಬಿಟ್ಟಾಗ ಕೈ ಹೀಗೆ ತಿರುಚಿದರೆ ಡಾಕ್ಟರು ಕ್ಯಾಲ್ಸಿಯಂ ಕಡಿಮೆ ಎಂದು ಅನುಮಾನಿಸುತ್ತಾರೆ. ತೀರಾ ಕಡಿಮೆಯಾದರೆ ಫಿಟ್ಸ್ ಬರಬಹುದು, ಗಂಟಲು ಬಿಗಿದು ಉಸಿರು ಕಟ್ಟಬಹುದು, ಹೃದಯದ ಬಡಿತ ತಾಳ ತಪ್ಪಬಹುದು.

ನಿಧಾನವಾಗಿ, ವರ್ಷಗಟ್ಟಲೆ ನಡೆಯುವ ಕೊರತೆಯ ಮುಖ ಬೇರೆ. ಸೊಂಟ, ತೊಡೆ, ಪಕ್ಕೆಲುಬುಗಳಲ್ಲಿ ಮಂದ ನೋವು. ಕೆಳಗೆ ಕುಳಿತವರು ಕೈಯೂರದೆ ಏಳಲಾರರು, ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ. ಹೆಚ್ಚಾಗಿ ಇದರ ಹಿಂದೆ ವಿಟಮಿನ್ ಡಿ ಕೊರತೆ ಇರುತ್ತದೆ. ಮಕ್ಕಳಲ್ಲಿ ಇದೇ ರಿಕೆಟ್ಸ್ ಆಗಿ ಕಾಲು ಬಿಲ್ಲಿನಂತೆ ಬಾಗುತ್ತದೆ.

ಪರೀಕ್ಷೆಯ ಭಯದಲ್ಲೋ ಗಾಬರಿಯಲ್ಲೋ ಜೋರಾಗಿ ಉಸಿರಾಡಿದಾಗಲೂ ಕೈ ಹೀಗೆಯೇ ತಿರುಚುತ್ತದೆ. ರಕ್ತದ ಒಟ್ಟು ಕ್ಯಾಲ್ಸಿಯಂ ಅಲ್ಲಿ ಸರಿಯೇ ಇರುತ್ತದೆ, ಕೆಲಸಕ್ಕೆ ಸಿಗುವ ಪಾಲು ಮಾತ್ರ ಆ ಹೊತ್ತಿಗೆ ಇಳಿದಿರುತ್ತದೆ. ಉಸಿರು ನಿಧಾನಕ್ಕೆ ತಂದರೆ ಕೈ ಸಡಿಲಾಗುತ್ತದೆ. ಉಸಿರು ನಿಧಾನಿಸಲೆಂದು ಮುಖಕ್ಕೆ ಪ್ಲಾಸ್ಟಿಕ್ ಚೀಲ ಹಿಡಿಯಬೇಡಿ, ಅದು ಅಪಾಯ.

ನಮ್ಮ ತಾಟಿನಲ್ಲಿ ಎಷ್ಟಿದೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಹಾಲೂಡಿಸುವ ತಾಯಿಗೆ 1200.

ಜೋಳದ ರೊಟ್ಟಿ ನಮ್ಮ ಬಲ. ಅದರ ಬಗ್ಗೆ ಕೆಟ್ಟ ಮಾತು ನನ್ನಿಂದಾಗದು. ಆದರೆ ಕ್ಯಾಲ್ಸಿಯಂ ಲೆಕ್ಕಕ್ಕೆ ಅದು ಬಡವ. 100 ಗ್ರಾಂ ಜೋಳದಲ್ಲಿ ಸುಮಾರು 25ರಿಂದ 28 ಮಿ.ಗ್ರಾಂ, ಅಷ್ಟೇ ತೂಕದ ರಾಗಿಯಲ್ಲಿ 340ರಿಂದ 365. ಮೈಸೂರು ಸೀಮೆಯವರಿಗೆ ಮುದ್ದೆಯಿಂದ ಸಿಗುವುದನ್ನು ನಾವು ಬೇರೆ ಕಡೆಯಿಂದ ತುಂಬಿಕೊಳ್ಳಬೇಕು. 200 ಗ್ರಾಂ ಹಿಟ್ಟಿನ ರೊಟ್ಟಿ, ಬದನೇಕಾಯಿ ಪಲ್ಯ, ಒಂದಿಷ್ಟು ಕಾಳು, ಶೇಂಗಾ ಚಟ್ನಿ, ಅನ್ನ ಸಾರು, ಎರಡು ಕಪ್ ಚಹಾ: ಇಷ್ಟರಲ್ಲೇ ದಿನ ಕಳೆದರೆ 300 ಮಿ.ಗ್ರಾಂ ದಾಟುವುದು ಕಷ್ಟ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸಾವಿರಾರು ಹುಡುಗ ಹುಡುಗಿಯರ ಮೆಸ್ ಊಟ ಬಹುಪಾಲು ಇದೇ. ಇವರು ಹಗಲಿಡೀ ಓದುವ ಕೋಣೆಯಲ್ಲೇ ಇರುವುದರಿಂದ ಬಿಸಿಲೂ ಇಲ್ಲ. ನನಗೆ ಹೆಚ್ಚು ಚಿಂತೆ ಇವರದೇ. ಎಲುಬು ಗಟ್ಟಿಯಾಗುವ ವಯಸ್ಸು ಮೂವತ್ತರ ಆಸುಪಾಸಿಗೆ ಮುಗಿಯುತ್ತದೆ.

ಕೊರತೆ ತುಂಬುವುದು ಅಂಥ ಕಷ್ಟವೇನಲ್ಲ:

1. ಒಂದು ಲೋಟ, ಅಂದರೆ 200 ಮಿ.ಲೀ. ಹಾಲು: ಸುಮಾರು 240 ಮಿ.ಗ್ರಾಂ.

2. ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು: ಹೆಚ್ಚುಕಡಿಮೆ ಅಷ್ಟೇ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಸಾಮಾನ್ಯವಾಗಿ ಮೊಸರು ಒಗ್ಗುತ್ತದೆ. ನೀರು ಮಜ್ಜಿಗೆಯ ಲೋಟವನ್ನು ಮೊಸರಿನ ಬಟ್ಟಲಿಗೆ ಸಮ ಎಂದು ಎಣಿಸಬೇಡಿ.

3. 50 ಗ್ರಾಂ ರಾಗಿ ಹಿಟ್ಟಿನ ಅಂಬಲಿ: ಸುಮಾರು 175. ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಯಾದರೆ ಮೈ ಹೀರುವುದು ಸುಲಭ.

4. ತುಂಬಿದ ಎರಡು ಚಿಕ್ಕ ಚಮಚ ಎಳ್ಳು: ಸುಮಾರು 120. ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲಿದೆ, ಆದ್ದರಿಂದ ಸಿಪ್ಪೆ ತೆಗೆದ ಬಿಳಿ ಎಳ್ಳು ಬೇಡ. ಪೂರ್ತಿಯಾಗಿ ಹೀರಿಕೊಳ್ಳುವುದಿಲ್ಲವಾದರೂ ಒಳ್ಳೆಯದೇ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುವ ನಾವು ಅದನ್ನು ಒಂದೇ ದಿನಕ್ಕೆ ಮೀಸಲಿಟ್ಟಿದ್ದೇಕೆ? ಗುರೆಳ್ಳು ಚಟ್ನಿಯೂ ಈ ಸಾಲಿನದೇ.

5. ರಾಜಗಿರಿ, ನುಗ್ಗಿ, ಮೆಂತ್ಯ ಸೊಪ್ಪು, ಹುರುಳಿ ಕಾಳು: ವಾರದಲ್ಲಿ ನಾಲ್ಕೈದು ದಿನವಾದರೂ ಇರಲಿ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲಿರುವ ಆಕ್ಸಲೇಟ್ ಅದನ್ನು ಕಟ್ಟಿಹಾಕುತ್ತದೆ.

ಮೊದಲ ನಾಲ್ಕನ್ನೇ ಕೂಡಿಸಿದರೂ 300ಕ್ಕೆ 775 ಸೇರಿ 1000 ದಾಟುತ್ತದೆ. ಧಾರವಾಡ ಪೇಢೆ ಹಾಲಿನದೇ ಆದರೂ ಅದನ್ನು ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ, ಸಕ್ಕರೆ ಬಹಳ. ಉಪ್ಪಿನ ಮೇಲೂ ಕಣ್ಣಿಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ಗದಗ, ಕೊಪ್ಪಳ ಕಡೆಯ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದು ಬೆಳೆದವರಿಗೆ ಊಟದ ಕ್ಯಾಲ್ಸಿಯಂ ಇನ್ನೂ ಮುಖ್ಯ. ಅದು ಕಡಿಮೆಯಿದ್ದಾಗ ಫ್ಲೋರೈಡ್ ಎಲುಬಿಗೆ ಮಾಡುವ ಹಾನಿ ಹೆಚ್ಚುತ್ತದೆ.

ಬಿಸಿಲು: ಯಾವ ಹೊತ್ತಿನದು

“ಎಳೆ ಬಿಸಿಲಿಗೆ ಕೂಡ್ರಿ, ವಿಟಮಿನ್ ಡಿ ಸಿಗ್ತದ” ಎಂಬ ಸಲಹೆ ಮನೆಮನೆಯಲ್ಲೂ ಇದೆ. ಬೆಳಿಗ್ಗೆ ಏಳರ ಬಿಸಿಲು ಮೈಗೆ ಹಿತ, ಆದರೆ ಅದರಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದಲ್ಲಿ ವಿಟಮಿನ್ ಡಿ ಆಗಬೇಕಾದರೆ ಅತಿನೇರಳೆ ಬಿ ಕಿರಣ ಬೀಳಬೇಕು. ಸೂರ್ಯ ಕೆಳಗಿರುವಾಗ ಅದು ಗಾಳಿಯಲ್ಲೇ ಸೋಸಿಹೋಗುತ್ತದೆ.

ಗಡಿಯಾರ ಬೇಡ, ನೆರಳು ನೋಡಿ. ಬಯಲಲ್ಲಿ ನಿಂತಾಗ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ, ಉದ್ದವಾಗಿದ್ದರೆ ಇಲ್ಲ. ಹುಬ್ಬಳ್ಳಿ-ಧಾರವಾಡ 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಡಿಸೆಂಬರಿನಲ್ಲೂ ನಡುಮಧ್ಯಾಹ್ನದ ನೆರಳು ನಮಗಿಂತ ಗಿಡ್ಡವೇ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೇ ಆ ಹದ ಬರುತ್ತದೆ. ಡಿಸೆಂಬರಿನಲ್ಲಿ ಹನ್ನೊಂದರಿಂದ ಎರಡರವರೆಗೆ ಮಾತ್ರ. ಆದ್ದರಿಂದ ಬೇಸಿಗೆಯಲ್ಲಿ ಒಂಬತ್ತೂವರೆಯಿಂದ ಹತ್ತೂವರೆಯೊಳಗೆ ಮುಗಿಸಿ, ನೆತ್ತಿ ಸುಡುವ ಬಿಸಿಲು ಬೇಡ. ಚಳಿಗಾಲದಲ್ಲಿ ಮಧ್ಯಾಹ್ನ ಊಟಕ್ಕೆ ಮುಂಚೆ ಹೊರಬನ್ನಿ.

ಮುಖ, ಮೊಣಕೈವರೆಗಿನ ತೋಳು, ಸಾಧ್ಯವಾದರೆ ಕಾಲು ಬಿಸಿಲಿಗೆ ತೆರೆದಿರಬೇಕು. ನಮ್ಮ ಮೈಬಣ್ಣಕ್ಕೆ ಐದ್ಹತ್ತು ನಿಮಿಷ ಸಾಲದು, ವಾರದಲ್ಲಿ ನಾಲ್ಕೈದು ದಿನ ಅರ್ಧ ಗಂಟೆಯಾದರೂ ಬೇಕು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ. ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕಿಟಕಿ ಪಕ್ಕ ಕುಳಿತು ಹೋದರೂ ಮೈಗೆ ಬಿಸಿ ತಾಗುತ್ತದೆ, ವಿಟಮಿನ್ ಡಿ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಿಸಿಲು ನಂಬಿ ಕೂರುವಂತಿಲ್ಲ. ಹೊರಗೆ ಬರಲಾಗದ ವಯಸ್ಸಾದವರಿಗೆ, ಮೈಪೂರ್ತಿ ಬಟ್ಟೆ ತೊಡುವವರಿಗೆ ಡಾಕ್ಟರ ಸಲಹೆಯ ಮೇರೆಗೆ ಸಣ್ಣ ಪ್ರಮಾಣದ ವಿಟಮಿನ್ ಡಿ ಗುಳಿಗೆಯೇ ಸರಿಯಾದ ದಾರಿ.

ಯಾವ ಪರೀಕ್ಷೆ ಮಾಡಿಸಬೇಕು

ಬರೀ ಒಂದು ಕ್ಯಾಲ್ಸಿಯಂ ಅಂಕಿಯಿಂದ ಏನೂ ತೀರ್ಮಾನವಾಗುವುದಿಲ್ಲ. ರಕ್ತದ ಕ್ಯಾಲ್ಸಿಯಂನ ಸುಮಾರು ಅರ್ಧ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ತಿರುಗುತ್ತದೆ. ಲಿವರ್ ತೊಂದರೆಯಿಂದಲೋ ಅಪೌಷ್ಟಿಕತೆಯಿಂದಲೋ ಆಲ್ಬುಮಿನ್ ಇಳಿದಿದ್ದರೆ ಕ್ಯಾಲ್ಸಿಯಂ ಸುಳ್ಳೇ ಕಡಿಮೆ ತೋರಿಸುತ್ತದೆ. ಆಲ್ಬುಮಿನ್ 4ಕ್ಕಿಂತ ಒಂದು ಗ್ರಾಂ ಕಡಿಮೆಯಿದ್ದರೆ ಕ್ಯಾಲ್ಸಿಯಂ ಅಂಕಿಗೆ 0.8 ಕೂಡಿಸಿ ನೋಡುತ್ತಾರೆ. ಕ್ಯಾಲ್ಸಿಯಂ 8, ಆಲ್ಬುಮಿನ್ 3 ಎಂದು ವರದಿ ಬಂದರೆ ನಿಜವಾದ ಲೆಕ್ಕ 8.8, ಅಂದರೆ ಸರಿಯಾಗಿದೆ. ಅನುಮಾನ ಉಳಿದರೆ ಕೆಲಸಕ್ಕೆ ಸಿಗುವ ಪಾಲನ್ನೇ ಅಳೆಯುವ ಅಯೊನೈಸ್ಡ್ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸುತ್ತಾರೆ.

ಜೊತೆಗೆ ಡಾಕ್ಟರು ಫಾಸ್ಫರಸ್, ಮೆಗ್ನೀಸಿಯಂ, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, 25-ಹೈಡ್ರಾಕ್ಸಿ ವಿಟಮಿನ್ ಡಿ ಮತ್ತು ಪಿಟಿಎಚ್ ಬರೆಯಬಹುದು. ಕಾರಣ ಹೊರಬರುವುದು ಇವುಗಳಿಂದಲೇ. ಕ್ಯಾಲ್ಸಿಯಂ ಕಡಿಮೆಯಿದ್ದು ಪಿಟಿಎಚ್ ಏರಿದ್ದರೆ ಗ್ರಂಥಿ ಸರಿಯಾಗಿ ದುಡಿಯುತ್ತಿದೆ, ಕೊರತೆ ವಿಟಮಿನ್ ಡಿಯಲ್ಲೋ ಕಿಡ್ನಿಯಲ್ಲೋ ಇದೆ. ಎರಡೂ ಕಡಿಮೆಯಿದ್ದರೆ ತೊಂದರೆ ಗ್ರಂಥಿಯಲ್ಲಿದೆ, ಇಲ್ಲವೇ ಮೆಗ್ನೀಸಿಯಂ ಕಡಿಮೆಯಾಗಿದೆ. ಕ್ಯಾಲ್ಸಿಯಂ, ಪಿಟಿಎಚ್ ಎರಡೂ ಏರಿದ್ದರೆ ಗ್ರಂಥಿಯಲ್ಲಿ ಗಂಟು ಇರುವ ಸಾಧ್ಯತೆ ಹೆಚ್ಚು.

ಮೆಗ್ನೀಸಿಯಂ ಮಾತು ಬಂತು. ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ ಗುಳಿಗೆ ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಗುಳಿಗೆ ವರ್ಷಗಟ್ಟಲೆ ನಡೆದರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆ. ಅದು ಇಳಿದರೆ ಪಿಟಿಎಚ್ ಕೆಲಸ ಮಾಡುವುದಿಲ್ಲ, ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ರಕ್ತದಲ್ಲಿ ಏರುವುದಿಲ್ಲ. ಡಾಕ್ಟರಿಗೆ ಈ ಗುಳಿಗೆಯ ವಿಷಯ ಹೇಳಲು ಮರೆಯಬೇಡಿ. ಫಿಟ್ಸ್‌ಗೆ ಫೆನಿಟಾಯಿನ್, ಫಿನೊಬಾರ್ಬಿಟೋನ್ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಡಿ ಬೇಗ ಕರಗುತ್ತದೆ, ಅದನ್ನೂ ಹೇಳಿ.

ಗುಳಿಗೆ ತೆಗೆದುಕೊಳ್ಳುವ ಕ್ರಮ

1. ಪಟ್ಟಿಯ ಹಿಂಬದಿ ಓದಿ. “ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ” ಎಂದಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಿ.ಗ್ರಾಂ ಮಾತ್ರ. ಲೆಕ್ಕ ಹಾಕಬೇಕಾದದ್ದು ಈ 500ನ್ನು.

2. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಆದ್ದರಿಂದ ಊಟದ ಜೊತೆ ಅಥವಾ ಊಟವಾದ ಕೂಡಲೇ ನುಂಗಿ. ಗ್ಯಾಸ್ ಗುಳಿಗೆ ನಡೆಯುತ್ತಿರುವವರಿಗೆ, ಮಲಬದ್ಧತೆ ಆಗುವವರಿಗೆ ಸಿಟ್ರೇಟ್ ವಾಸಿ. ಅದನ್ನು ಯಾವ ಹೊತ್ತಿಗಾದರೂ ತೆಗೆದುಕೊಳ್ಳಬಹುದು.

3. ಕರುಳು ಒಮ್ಮೆಗೆ 500 ಮಿ.ಗ್ರಾಂಗಿಂತ ಹೆಚ್ಚನ್ನು ಸರಿಯಾಗಿ ಹೀರುವುದಿಲ್ಲ. ದಿನಕ್ಕೆ ಎರಡು ಬರೆದಿದ್ದರೆ ಎರಡು ಹೊತ್ತಿಗೆ ಹಂಚಿ.

4. ಥೈರಾಯ್ಡ್ ಗುಳಿಗೆಗೂ ಕ್ಯಾಲ್ಸಿಯಂಗೂ ನಾಲ್ಕು ತಾಸು ಅಂತರ, ಕಬ್ಬಿಣದ ಗುಳಿಗೆಗೆ ಎರಡು ತಾಸು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಜೊತೆಗೂ ಕ್ಯಾಲ್ಸಿಯಂ ಬೇಡ.

5. ವಿಟಮಿನ್ ಡಿ ಪೊಟ್ಟಣ 60,000 ಯೂನಿಟ್‌ನದು. ಕೊರತೆ ಇದ್ದವರಿಗೆ ಸಾಮಾನ್ಯವಾಗಿ ವಾರಕ್ಕೊಂದು, ಎಂಟು ವಾರ ಬರೆಯುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ವಾರದ ಒಂದು ದಿನ ಗುರುತು ಮಾಡಿ, ಹಾಲಿನ ಜೊತೆಯೋ ಊಟದ ನಂತರವೋ ತೆಗೆದುಕೊಳ್ಳಿ. ಎಂಟು ಮುಗಿದ ಮೇಲೆ ಡಾಕ್ಟರನ್ನು ಕೇಳದೆ ಒಂಬತ್ತನೆಯದನ್ನು ಕೊಳ್ಳಬೇಡಿ.

6. ಊಟದಲ್ಲೇ 700 ಮಿ.ಗ್ರಾಂ ಸಿಗುತ್ತಿದ್ದರೆ ಒಂದು ಗುಳಿಗೆ ಸಾಕು. ದುಬಾರಿ ಬ್ರ್ಯಾಂಡ್ ಬೇಕಿಲ್ಲ, ಜನೌಷಧಿ ಕೇಂದ್ರದ ಗುಳಿಗೆಯಲ್ಲೂ ಅದೇ ಔಷಧವಿದೆ.

ಹೆಚ್ಚಾದಾಗ

ಈ ಕಡೆ ಜನರ ಗಮನವೇ ಇಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ಬಾಯಾರಿಕೆ ಹೆಚ್ಚುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರಬೇಕೆಂದು ಪರೀಕ್ಷೆ ಮಾಡಿಸಿದರೆ ಸಕ್ಕರೆ ಸರಿ ಇರುತ್ತದೆ. ಮಲಬದ್ಧತೆ, ಊಟ ಸೇರದಿರುವುದು, ವಾಂತಿ, ಹೊಟ್ಟೆನೋವು ಬರುತ್ತವೆ. ಕಿಡ್ನಿಯಲ್ಲಿ ಮತ್ತೆ ಮತ್ತೆ ಹರಳಾಗುತ್ತದೆ. ಮನಸ್ಸು ಮಂಕಾಗುತ್ತದೆ, ಮರೆವು ಬರುತ್ತದೆ, ವಯಸ್ಸಾದವರಲ್ಲಿ ಗೊಂದಲವೇ ಮೊದಲ ಲಕ್ಷಣವಾಗಬಹುದು. “ಅಜ್ಜಗ ವಯಸ್ಸಾತು, ಅದಕ್ಕ ಹಿಂಗ್ ಮಾತಾಡ್ತಾರ” ಎಂದು ಸುಮ್ಮನಾಗುವ ಮುನ್ನ ಒಮ್ಮೆ ಕ್ಯಾಲ್ಸಿಯಂ ನೋಡಿಸಿ.

ಮುಖ್ಯ ಕಾರಣಗಳು ಎರಡು: ಪ್ಯಾರಾಥೈರಾಯ್ಡ್ ಗ್ರಂಥಿಯ ಗಂಟು ಮತ್ತು ಕ್ಯಾನ್ಸರ್. ಗ್ರಂಥಿಯ ಗಂಟು ಬಹುತೇಕ ಕ್ಯಾನ್ಸರ್ ಅಲ್ಲ. ಶಸ್ತ್ರಚಿಕಿತ್ಸೆಯಿಂದ ತೆಗೆದರೆ ರೋಗಿ ಸಾಮಾನ್ಯವಾಗಿ ಪೂರ್ತಿ ಗುಣವಾಗುತ್ತಾರೆ. ಎರಡು ಮೂರು ಸಲ ಹರಳು ತೆಗೆಸಿಕೊಂಡವರು, ಸಣ್ಣ ಪೆಟ್ಟಿಗೇ ಎಲುಬು ಮುರಿದವರು ಕ್ಯಾಲ್ಸಿಯಂ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಕ್ಷಯರೋಗದಲ್ಲೂ ಕೆಲವೊಮ್ಮೆ ಕ್ಯಾಲ್ಸಿಯಂ ಏರುತ್ತದೆ. ಕ್ಲೋರ್ತಾಲಿಡೋನ್ ಅಥವಾ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಬಿ.ಪಿ. ಗುಳಿಗೆ, ಮನೋರೋಗಕ್ಕೆ ಕೊಡುವ ಲಿಥಿಯಂ ಕೂಡ ಏರಿಸಬಹುದು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಾಗಲಿ ಬೇರೆಡೆಯಾಗಲಿ ಲಿಥಿಯಂ ಪಡೆಯುತ್ತಿರುವವರು ರಕ್ತಪರೀಕ್ಷೆಗೆ ಹೋದಾಗ ಕ್ಯಾಲ್ಸಿಯಂ ಅನ್ನೂ ನೋಡಲು ಕೇಳಿಕೊಳ್ಳಿ. ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇವುಗಳ ಜೊತೆ ಮನುಷ್ಯರೇ ಮಾಡಿಕೊಳ್ಳುವ ಕಾರಣವೊಂದಿದೆ: ವಿಟಮಿನ್ ಡಿ ಇಂಜೆಕ್ಷನ್. ಒಂದು ಸೂಜಿಯಲ್ಲಿ 6 ಲಕ್ಷ ಯೂನಿಟ್ ಇರುತ್ತದೆ, ಅಂದರೆ ಹತ್ತು ಪೊಟ್ಟಣಕ್ಕೆ ಸಮ. ಮೊಣಕಾಲು ನೋವಿಗೆ ವಾರಕ್ಕೊಂದರಂತೆ ಐದಾರು ಸೂಜಿ ಚುಚ್ಚಿಸಿಕೊಂಡವರು, ಅದರ ಮೇಲೆ ಪೊಟ್ಟಣವನ್ನೂ ನುಂಗಿದವರು ಕೆಲವು ವಾರಗಳಲ್ಲಿ ವಾಂತಿ, ಗೊಂದಲ, ಕಿಡ್ನಿ ಕೆಟ್ಟ ಸ್ಥಿತಿಯಲ್ಲಿ ಆಸ್ಪತ್ರೆ ಸೇರುವುದು ನಮ್ಮ ದೇಶದ ವೈದ್ಯರಿಗೆ ಹೊಸದಲ್ಲ. ವಿಟಮಿನ್ ಡಿ ಕೊಬ್ಬಿನಲ್ಲಿ ಕೂಡಿಟ್ಟುಕೊಳ್ಳುವುದರಿಂದ ಸೂಜಿ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಏರಿದಂತೆಯೇ ಇರಬಹುದು. ರಕ್ತದಲ್ಲಿ ವಿಟಮಿನ್ ಡಿ ಒಂದು ಮಿ.ಲೀ.ಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ, 150 ದಾಟಿದರೆ ವಿಷ. ಪರೀಕ್ಷೆ ಮಾಡಿಸದೆ ಯಾರಾದರೂ ಎರಡನೆಯ ಸೂಜಿ ಹಾಕುತ್ತೇನೆಂದರೆ ಬೇಡ ಎನ್ನಿ. ನಿಮಗೆ ಆ ಹಕ್ಕಿದೆ.

ಚಿಕಿತ್ಸೆ ಆಸ್ಪತ್ರೆಯದು. ಮೊದಲು ಸಲೈನ್, ಬಳಿಕ ಎಲುಬಿನಿಂದ ಕ್ಯಾಲ್ಸಿಯಂ ಸೋರುವುದನ್ನು ತಡೆಯುವ ಇಂಜೆಕ್ಷನ್, ವಿಟಮಿನ್ ಡಿ ವಿಷವಾಗಿದ್ದರೆ ಸ್ಟಿರಾಯ್ಡ್ ಕೊಡುತ್ತಾರೆ. ಮನೆಯಲ್ಲಿ ನೀವು ಮಾಡಬೇಕಾದದ್ದು ಕ್ಯಾಲ್ಸಿಯಂ, ವಿಟಮಿನ್ ಡಿ ಎರಡನ್ನೂ ನಿಲ್ಲಿಸಿ ಅಂದೇ ಡಾಕ್ಟರ ಹತ್ತಿರ ಹೋಗುವುದು.

ಬಸುರಿ, ಬಾಣಂತಿ, ಕೂಸು

ಸರ್ಕಾರದ ನಿಯಮದಂತೆ ಬಸುರಿಯರಿಗೆ 14ನೆಯ ವಾರದಿಂದ ದಿನಕ್ಕೆ ಎರಡು ಕ್ಯಾಲ್ಸಿಯಂ ಗುಳಿಗೆ ಕೊಡಬೇಕು, ಹೆರಿಗೆಯಾಗಿ ಆರು ತಿಂಗಳವರೆಗೆ ಮುಂದುವರಿಸಬೇಕು. ಒಂದೊಂದರಲ್ಲಿ 500 ಮಿ.ಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಕ್ಯಾಲ್ಸಿಯಂ ಮುಂಜಾನೆ ಮತ್ತು ಮಧ್ಯಾಹ್ನದ ಊಟದ ಜೊತೆ, ಕಬ್ಬಿಣದ ಗುಳಿಗೆ ರಾತ್ರಿ ಎಂದು ಇಟ್ಟುಕೊಂಡರೆ ಅಂತರ ತಾನೇ ಸಿಗುತ್ತದೆ.

ತಾಯಿಗೆ ವಿಟಮಿನ್ ಡಿ ಕೊರತೆ ಇದ್ದರೆ ಕೂಸಿಗೂ ಇರುತ್ತದೆ. ಎದೆಹಾಲು ಬೇರೆಲ್ಲ ರೀತಿಯಲ್ಲಿ ಪೂರ್ಣವಾದರೂ ವಿಟಮಿನ್ ಡಿ ಅದರಲ್ಲಿ ಕಡಿಮೆ. ಹೀಗಾಗಿ ಹುಟ್ಟಿದಾಗಿನಿಂದ ವರ್ಷ ತುಂಬುವವರೆಗೆ ದಿನಕ್ಕೆ 400 ಯೂನಿಟ್ ಹನಿ ಹಾಕಬೇಕೆಂದು ಮಕ್ಕಳ ತಜ್ಞರು ಹೇಳುತ್ತಾರೆ. ಬಾಣಂತಿ ಕೋಣೆಯಿಂದ ತಿಂಗಳುಗಟ್ಟಲೆ ಹೊರಬರದ ನಮ್ಮ ಪದ್ಧತಿಯಲ್ಲಿ ಈ ಹನಿ ಬಿಡುವಂತಿಲ್ಲ. ಬಾಟಲಿಯ ಮೇಲೆ ಒಂದು ಮಿ.ಲೀ.ಗೆ ಎಷ್ಟು ಯೂನಿಟ್ ಎಂದು ನೋಡಿ ಹಾಕಿ. ಕೆಲವು ಬಾಟಲಿಗಳಲ್ಲಿ 400, ಕೆಲವುಗಳಲ್ಲಿ 800 ಇರುತ್ತದೆ. ಜ್ವರವಿಲ್ಲದೆ ಕೂಸಿಗೆ ಫಿಟ್ಸ್ ಬಂದರೆ ಕ್ಯಾಲ್ಸಿಯಂ ಕೊರತೆ ಒಂದು ಮುಖ್ಯ ಕಾರಣ, ದೃಷ್ಟಿ ತೆಗೆಯುತ್ತ ಕೂರದೆ ಆಸ್ಪತ್ರೆಗೆ ಓಡಿ. ಎಮ್ಮೆ ಸಾಕುವ ಮನೆಗಳಿಗೆ ಈ ಸಂಗತಿ ಹೊಸದಲ್ಲ. ಈದ ಎಮ್ಮೆ ಹಾಲು ಜ್ವರ ಬಂದು ನೆಲ ಹಿಡಿಯುವುದೂ ರಕ್ತದ ಕ್ಯಾಲ್ಸಿಯಂ ಕುಸಿದೇ. ಪಶುವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಹನಿಸಿದ ಮೇಲೆ ಅದು ಎದ್ದು ನಿಲ್ಲುತ್ತದೆ.

ಥೈರಾಯ್ಡ್ ಆಪರೇಷನ್ ಆದವರು, ಕಿಡ್ನಿ ಕಾಯಿಲೆಯವರು

ಥೈರಾಯ್ಡ್ ತೆಗೆಯುವಾಗ ಅದರ ಬೆನ್ನಿಗಿರುವ ನಾಲ್ಕು ಕಾಳುಗಳಿಗೆ ಪೆಟ್ಟಾಗಬಹುದು, ಇಲ್ಲವೇ ಅವುಗಳ ರಕ್ತ ಸಂಚಾರ ಕಡಿಮೆಯಾಗಬಹುದು. ಆಪರೇಷನ್ ಆದ ಮೊದಲ ನಾಲ್ಕು ದಿನದೊಳಗೆ ತುಟಿ, ಬೆರಳು ಜುಮ್ಮೆಂದರೆ ಕೂಡಲೇ ತಿಳಿಸಿ. ಮನೆಗೆ ಬಂದಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ. ಬಹುತೇಕರಲ್ಲಿ ಕೆಲ ವಾರಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಜೀವನಪರ್ಯಂತ ಕ್ಯಾಲ್ಸಿಯಂ ಜೊತೆ ಈಗಾಗಲೇ ಜಾಗೃತವಾದ ವಿಟಮಿನ್ ಡಿ, ಅಂದರೆ ಕ್ಯಾಲ್ಸಿಟ್ರಿಯಾಲ್ ಬೇಕು. ಪೊಟ್ಟಣದ ವಿಟಮಿನ್ ಡಿ ಕಿಡ್ನಿಯಲ್ಲಿ ಜಾಗೃತವಾಗಬೇಕಾದರೆ ಪಿಟಿಎಚ್ ಇರಬೇಕು, ಇವರಲ್ಲಿ ಅದೇ ಇಲ್ಲ. ಆದ್ದರಿಂದ ಪೊಟ್ಟಣವನ್ನು ಕ್ಯಾಲ್ಸಿಟ್ರಿಯಾಲ್ ಬದಲಿಗೆ ಕೊಳ್ಳುವಂತಿಲ್ಲ. ಊರಿಗೆ ಹೋಗುವಾಗ, ಜಾತ್ರೆಗೆ ಹೋಗುವಾಗ ಗುಳಿಗೆ ಚೀಲದಲ್ಲಿರಲಿ, ಎರಡು ದಿನ ತಪ್ಪಿದರೂ ಕೈ ತಿರುಚೀತು.

ಕಿಡ್ನಿ ಕೆಟ್ಟವರಲ್ಲಿ ಫಾಸ್ಫೇಟ್ ಏರಿ, ವಿಟಮಿನ್ ಡಿ ಜಾಗೃತವಾಗದೆ ಲೆಕ್ಕ ಎರಡೂ ಕಡೆಯಿಂದ ತಪ್ಪುತ್ತದೆ. ಮೇಲಿನ ಊಟದ ಪಟ್ಟಿ ಇವರಿಗೆ ಅನ್ವಯಿಸುವುದಿಲ್ಲ. ಹಾಲು, ಮೊಸರು, ಎಳ್ಳು ಎಷ್ಟೆಂದು ಕಿಡ್ನಿ ತಜ್ಞರೇ ಹೇಳಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹರಳಾಗುತ್ತದೆಂದು ಹಾಲು ಮೊಸರು ಬಿಡುವುದು. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಹಾಲು ಬಿಟ್ಟವರಲ್ಲೇ ಆಕ್ಸಲೇಟ್ ಹರಳು ಹೆಚ್ಚು. ಹರಳಿನವರು ಕಡಿಮೆ ಮಾಡಬೇಕಾದದ್ದು ಉಪ್ಪು, ಹೆಚ್ಚಿಸಬೇಕಾದದ್ದು ನೀರು.

ಮೊಸರಿನಲ್ಲಿ ಗೋಧಿಕಾಳಿನಷ್ಟು ಎಲೆಸುಣ್ಣ ಕಲಸಿ ತಿನ್ನುವುದು. ಮೊಬೈಲಿನಲ್ಲಿ ಓಡಾಡುವ ಸಲಹೆ ಇದು. ಸುಣ್ಣ ಕ್ಷಾರ. ಪ್ರಮಾಣ ಹೆಚ್ಚಾದರೆ ಬಾಯಿ, ಅನ್ನನಾಳ ಸುಡುತ್ತದೆ. ದಿನವಿಡೀ ಸುಣ್ಣ ಹಚ್ಚಿದ ಎಲೆಅಡಿಕೆ ಜಗಿಯುವವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಂಥವರು ಕ್ಯಾಲ್ಸಿಯಂ ಗುಳಿಗೆಯನ್ನೂ ಸೇರಿಸಿದರೆ ಅಪಾಯ ಇಮ್ಮಡಿ.

ವಾರಕ್ಕೊಂದು ಎಂದಿದ್ದ ಪೊಟ್ಟಣವನ್ನು ದಿನಕ್ಕೊಂದು ತೆಗೆದುಕೊಳ್ಳುವುದು. ಓದಲು ಬಾರದ ಹಿರಿಯರ ಮನೆಗಳಲ್ಲಿ ಇದು ಆಗುತ್ತದೆ. ಪೊಟ್ಟಣಗಳನ್ನು ದಿನದ ಗುಳಿಗೆಯ ಡಬ್ಬಿಯಲ್ಲಿ ಇಡಬೇಡಿ.

ಎಲುಬು ಗಟ್ಟಿಯಾಗಲು ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಇಂಜೆಕ್ಷನ್ ಅನ್ನು ವಿಟಮಿನ್ ಡಿ ನೋಡದೆ ಪಡೆಯುವುದು. ಕೊರತೆಯಿರುವಾಗ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಏಕಾಏಕಿ ಕುಸಿಯಬಹುದು. ಮೊದಲು ಕೊರತೆ ತುಂಬಿಸಿ.

ತಡಮಾಡಬಾರದ ಲಕ್ಷಣಗಳು

ಫಿಟ್ಸ್, ಕೈಕಾಲು ತಿರುಚಿ ಸಡಿಲಾಗದಿರುವುದು, ಗಂಟಲು ಬಿಗಿದು ಉಸಿರಾಟ ಸದ್ದು ಮಾಡುವುದು, ಎದೆಬಡಿತ ತಪ್ಪಿ ಕಣ್ಣು ಕತ್ತಲೆ ಬರುವುದು, ನಿಲ್ಲದ ವಾಂತಿಯ ಜೊತೆ ಗೊಂದಲ ಅಥವಾ ಅತಿಯಾದ ನಿದ್ದೆ: ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಕರೆ ಮಾಡಿ. ಹುಬ್ಬಳ್ಳಿಯಲ್ಲಿ ಎಲ್ಲರೂ ಕಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆ, ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ, ನಡುವೆ ಸತ್ತೂರಿನ ಎಸ್‌ಡಿಎಂ ಇವೆ. ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ ಇಂಜೆಕ್ಷನ್ ಅನ್ನು ಹತ್ತು ನಿಮಿಷ ಹಿಡಿದು ನಿಧಾನವಾಗಿ, ಇಸಿಜಿ ನೋಡುತ್ತ ಕೊಡಬೇಕು. ವೇಗವಾಗಿ ಕೊಟ್ಟರೆ ಹೃದಯಕ್ಕೆ ಅಪಾಯ, ಅದರಲ್ಲೂ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ. ಆದ್ದರಿಂದ ಮನೆಗೆ ಯಾರನ್ನೋ ಕರೆಸಿ ಹಾಕಿಸಬೇಡಿ.

ಹೊರಡುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿ, ಖಾಲಿ ಪೊಟ್ಟಣ, ಹಳೆಯ ವರದಿಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ಹಿಂದಿನ ಆರು ತಿಂಗಳಲ್ಲಿ ಎಷ್ಟು ಸೂಜಿ ಹಾಕಿಸಿದ್ದಿರಿ, ಕುತ್ತಿಗೆಯ ಆಪರೇಷನ್ ಆಗಿದೆಯೇ ಎಂಬುದನ್ನು ಡಾಕ್ಟರು ಕೇಳುವ ಮೊದಲೇ ಹೇಳಿ.